ಗಿಣಿಮೂತಿ ಸೀಮೆಯಲ್ಲಿ ಗಿಣಿಯ ಮದುವೆ

ಅವಳ ನಿಜ ಹೆಸರು ಬೇರೆ. ಮೈಸೂರಿನ ಹಾಸ್ಟೆಲ್‌ನಲ್ಲಿ ಮೊದಲ ಬೇಸಿಗೆಗೇ ಗಿಣಿ ಎಂದು ಹೆಸರಿಟ್ಟಿದ್ದೆವು. ಊರಿಂದ ಬರುವಾಗ ಚೀಲದ ತುಂಬ ಗಿಣಿಮೂತಿ ಮಾವಿನಕಾಯಿ ತರುತ್ತಿದ್ದಳು, ಅದನ್ನು ಸೀಳಿ ಉಪ್ಪು ಖಾರ ಸವರಿಕೊಂಡು ತಿನ್ನುತ್ತ ರಾತ್ರಿ ಒಂದರವರೆಗೆ ಮಾತಾಡುತ್ತಿದ್ದಳು. ಎರಡಕ್ಕೂ ಒಂದೇ ಹೆಸರು ಸಾಕಾಯಿತು. ನಾನು ಸಾಗರದವಳು. ನನ್ನ ಕಪಾಟಿನಲ್ಲಿ ಅಮ್ಮ ಹಾಕಿಕೊಟ್ಟ ಅಪ್ಪೆಮಿಡಿ ಉಪ್ಪಿನಕಾಯಿ ಇರುತ್ತಿತ್ತು. "ಗೋಲಿ ಗಾತ್ರದ ಕಾಯಿಗೆ ಇಷ್ಟು ಜಂಬ" ಎಂದು ಅವಳು, "ನಿಮ್ಮದು ಜ್ಯೂಸ್ ಫ್ಯಾಕ್ಟರಿ ಕಾಯಿ" ಎಂದು ನಾನು. ಎರಡು ವರ್ಷ ನಡೆದ ಈ ಜಗಳ, ಅವಳ ಕಾಯಿ ನಾನು, ನನ್ನ ಉಪ್ಪಿನಕಾಯಿ ಅವಳು ಖಾಲಿ ಮಾಡುವಲ್ಲಿಗೆ ಬಂದು ನಿಂತಿತ್ತು.

ಮಾರ್ಚ್‌ನಲ್ಲಿ ಫೋನು ಬಂತು. "ಮೇ ಮೂರನೇ ವಾರ ಮದುವೆ. ಐದು ದಿನ ರಜಾ ಹಾಕು. ಅಕ್ಕಿಕಾಳು ಹಾಕಿ ಊಟ ಮಾಡ್ಕೊಂಡು ಬಸ್ ಹತ್ತೋ ನೆಂಟ್ರು ನಮಗೆ ಬೇಕಾದಷ್ಟು ಜನ ಇದಾರೆ." ಐದು ದಿನ ಹಾಕಿದೆ.

ಗುರುವಾರ

ರೈಲು ಬಸ್ಸಿನ ಕತೆ ಹೇಳುವಂಥದ್ದಲ್ಲ. ರಾತ್ರಿ ಸಾಗರದಲ್ಲಿ ಹತ್ತಿ ಬೆಳಿಗ್ಗೆ ಬೆಂಗಳೂರಲ್ಲಿ ಇಳಿದು, ಇನ್ನೊಂದು ಕಾಫಿ ಎಂದು ಕೂತದ್ದೇ ತಪ್ಪಾಯಿತು. ಕೆ.ಆರ್. ಪುರ ದಾಟುವಷ್ಟರಲ್ಲಿ ಒಂಬತ್ತೂವರೆ, ಬಸ್ಸಿನ ಕಿಟಕಿಯ ಸರಳು ಮುಟ್ಟಿದರೆ ಚುರ್ ಎನ್ನುತ್ತಿತ್ತು. ಬೇಸಿಗೆಯಲ್ಲಿ ಕೋಲಾರದ ಕಡೆ ಹೋಗುವವರು ಏಳಕ್ಕೆ ಮೊದಲೇ ಬೆಂಗಳೂರು ಬಿಟ್ಟುಬಿಡಬೇಕು. ಕಾಫಿಯನ್ನು ಕೋಲಾರದಲ್ಲಿ ಇಳಿದ ಮೇಲೂ ಕುಡಿಯಬಹುದು.

ಹೊಸಕೋಟೆ ದಾಟಿ ಸ್ವಲ್ಪ ದೂರ ಹೋದ ಮೇಲೆ ಒಂದು ತುಂಬಿದ ಕೆರೆ ಕಾಣಿಸಿತು. ಬರದ ಜಿಲ್ಲೆ ಎಂದು ಕೇಳಿಕೊಂಡು ಬಂದವಳಿಗೆ ಆಶ್ಚರ್ಯ. ಪಕ್ಕದಲ್ಲಿ ಕೂತಿದ್ದ ತಾತ ನನ್ನ ಮುಖ ನೋಡಿಯೇ ಹೇಳಿದರು: "ಮಳೆ ನೀರಲ್ಲಮ್ಮ ಅದು. ಬೆಂಗ್ಳೂರ್ನೋರು ಮುಖ ತೊಳ್ದು ಬಿಟ್ಟಿದ್ ನೀರು."

ತಾತ ಹೇಳಿದ್ದು ಕೆ.ಸಿ. ವ್ಯಾಲಿ ಯೋಜನೆಯ ಮಾತು. ಕೋರಮಂಗಲ, ಚಲ್ಲಘಟ್ಟ ಕಣಿವೆಗಳಿಗೆ ಹರಿದು ಬರುವ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ, ದೊಡ್ಡ ಕೊಳವೆಗಳಲ್ಲಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಏರಿಸುತ್ತಾರೆ. 2018ರಲ್ಲಿ ಮೊದಲು ನೀರು ಬಿದ್ದದ್ದು ಲಕ್ಷ್ಮೀಸಾಗರದ ಕೆರೆಗೆ. ಅಂತರ್ಜಲ ತುಂಬಲಿ ಎಂದು ಬಿಡುವ ನೀರು ಅದು, ಕುಡಿಯಲಿಕ್ಕಲ್ಲ. "ನಮ್ಮ ಬೋರಲ್ಲಿ ನೀರೇನೋ ಮೇಲಕ್ ಬಂದೈತೆ. ಆ ಕೆರೆಗೆ ಕಾಲಿಡಕ್ಕೆ ಮಾತ್ರ ಮನಸ್ ಬರಲ್ಲ. ಬೈಯೋದಾ ಹೊಗಳೋದಾ, ನೀನೇ ಹೇಳಮ್ಮ" ಎಂದರು ತಾತ. ನಾನು ಏನು ಹೇಳಲಿ? ನಮ್ಮೂರಲ್ಲಿ ಜೂನ್‌ನಿಂದ ನಾಲ್ಕು ತಿಂಗಳು ಬಟ್ಟೆ ಒಣಗುವುದಿಲ್ಲ ಎಂಬುದೇ ದೊಡ್ಡ ದೂರು.

ಕೋಲಾರದಲ್ಲಿ ಬಸ್ಸು ಬದಲಿಸಿ ಶ್ರೀನಿವಾಸಪುರದ ದಾರಿ ಹಿಡಿದ ಮೇಲೆ ಲೋಕವೇ ಬೇರೆ. ಕೆಂಪು ಮಣ್ಣು, ಯಾರೋ ಪೇರಿಸಿಟ್ಟಂಥ ಬಂಡೆಗುಡ್ಡಗಳು, ಎರಡೂ ಕಡೆ ಮಾವು. ನಮ್ಮ ಕಡೆಯ ಹಾಗೆ ಆಕಾಶಕ್ಕೆ ಹೋದ ಕಾಡುಮಾವಲ್ಲ. ಗಿಡ್ಡ ಮರ, ಕೊಡೆ ಬಿಚ್ಚಿದ ಹಾಗೆ ಹರಡಿಕೊಂಡಿದೆ, ಕೆಳಗಿನ ಕೊಂಬೆಯ ಕಾಯಿ ನೆಲಕ್ಕೆ ತಾಗುತ್ತದೆ. ರಾಜ್ಯದಲ್ಲಿ ಮಾವಿಗೆ ಕೋಲಾರವೇ ಮೊದಲು, ಕೋಲಾರದೊಳಗೆ ಶ್ರೀನಿವಾಸಪುರವೇ ಮೊದಲು. ಬಾದಾಮಿ, ರಸಪುರಿ, ಬೇನಿಷಾ, ನೀಲಂ, ಮಲ್ಲಿಕಾ ಎಲ್ಲ ಇವೆ, ಆದರೂ ಕಣ್ಣು ಹಾಯಿಸಿದಲ್ಲೆಲ್ಲ ಕಾಣುವುದು ಗಿಣಿಮೂತಿ, ಅಂದರೆ ತೋತಾಪುರಿ. ಆಂಧ್ರದ ಕಡೆಯವರು ಇದನ್ನೇ 'ಬೆಂಗಳೂರ' ಎನ್ನುತ್ತಾರಂತೆ. ಬೆಂಗಳೂರಿನವರಿಗೆ ಇದು ಗೊತ್ತಿರಲಿಕ್ಕಿಲ್ಲ.

ಗಿಣಿಯ ಊರು ಪಟ್ಟಣದಿಂದ ಒಳಗೆ, ಆಟೋದಲ್ಲಿ ಇಪ್ಪತ್ತು ನಿಮಿಷ. ಬೋರ್ಡುಗಳೆಲ್ಲ ಕನ್ನಡ, ಮಾತೆಲ್ಲ ತೆಲುಗು. ಮನೆ ಮುಂದೆ ಇಳಿದಾಗ ಅವಳ ಅವ್ವ, ಅಂದರೆ ಅಜ್ಜಿ, ಜಗಲಿಯಿಂದಲೇ "ರಾ ತಲ್ಲೀ" ಎಂದು ಕರೆದು, ನನ್ನ ಕೈಯ ಚೀಲ ಇಸಿದುಕೊಂಡು, ಮೂಗು ಅರಳಿಸಿ, "ಇದೇನಮ್ಮ ವಾಸನೆ?" ಎಂದರು.

ಗಿಣಿಗೆಂದು ಅಮ್ಮ ಕೊಟ್ಟಿದ್ದ ಮಿಡಿ ಉಪ್ಪಿನಕಾಯಿಯ ಚೀನಿ ಭರಣಿ. ಬಾಯಿಗೆ ಬಟ್ಟೆ ಕಟ್ಟಿ, ಸೀರೆಗಳ ನಡುವೆ ಭದ್ರವಾಗಿರಲಿ ಎಂದು ನಾನೇ ನಿಲ್ಲಿಸಿದ್ದೆ. ಯಾವ ಹಂಪಿನಲ್ಲೋ ಬಾಯಿಯ ಅಂಚು ಸಿಡಿದು, ಸಾಸಿವೆ ಖಾರದ ರಸವೆಲ್ಲ ಅಮ್ಮನ ಮೈಸೂರು ಸಿಲ್ಕ್‌ಗೆ ಇಳಿದಿತ್ತು. ಮುಹೂರ್ತಕ್ಕೆ ಉಡಲು ತಂದ ಸೀರೆ ಅದು. ಅಳು ಬಂತು. ಗಿಣಿ ಮಾತ್ರ ಸೀರೆಯನ್ನು ನೋಡದೆ, ಮಡಿಕೆಯಲ್ಲಿ ಸಿಕ್ಕ ಎರಡು ಮಿಡಿ ಹೆಕ್ಕಿ ಬಾಯಿಗೆ ಹಾಕಿಕೊಂಡಳು.

ಅವಳ ಚಿಕ್ಕಮ್ಮ ಸೀರೆಯನ್ನು ನನ್ನ ಕೈಯಿಂದ ಕಿತ್ತುಕೊಂಡರು. "ಸೋಪು ಮುಟ್ಟಿಸ್ಬೇಡ. ಮೂವತ್ತು ವರ್ಷದಿಂದ ಹುಳ ಮೇಯಿಸ್ತಿದೀನಿ, ರೇಷ್ಮೆ ಬುದ್ಧಿ ನಂಗೊತ್ತಿಲ್ವಾ?" ಅಂಟುವಾಳಕಾಯಿ ನೆನೆಸಿ, ನೊರೆ ಬರಿಸಿ, ತಣ್ಣೀರಲ್ಲಿ ತಟ್ಟಿ ತಟ್ಟಿ ತೊಳೆದು, ಹಿಂಡದೆ ನೆರಳಿಗೆ ಹಾಕಿದರು. ಹಳದಿ ಕಲೆ ಅಂಗೈಯಷ್ಟು ಉಳಿಯಿತು. "ನೆರಿಗೆ ಒಳಗೆ ಹೋಗುತ್ತೆ ಬಿಡು."

ಆ ರಾತ್ರಿ ಚಿಕ್ಕಮ್ಮನ ಮನೆಯಲ್ಲಿ ಮಲಗಿದೆ. ಊಟಕ್ಕೆ ಮುದ್ದೆ, ಮಸ್ಸೊಪ್ಪು. ರೈಲಿನ ನಿದ್ದೆ ಬಾಕಿ ಇದ್ದುದರಿಂದ ಬಿದ್ದಕೂಡಲೆ ಕಣ್ಣು ಮುಚ್ಚಿತು. ಎಷ್ಟು ಹೊತ್ತಿನ ಮೇಲೋ ಎಚ್ಚರವಾದರೆ ಹೊರಗೆ ಮಳೆ. ಜೋರಲ್ಲ, ನಮ್ಮೂರಿನ ಸೋನೆಯಂಥದ್ದು, ಎಲೆಗಳ ಮೇಲೆ ಒಂದೇ ಸಮನೆ ಬೀಳುವ ಸದ್ದು. ಅರೆನಿದ್ದೆಯಲ್ಲಿ "ಚಿಕ್ಕಮ್ಮ, ಮಳೆ ಬರ್ತಿದೆ, ಹೊರಗೆ ಸೀರೆ ಇದೆ" ಎಂದೆ.

ನಡುಮನೆಯಲ್ಲಿ ಮಲಗಿದ್ದ ಮೂರು ಜನ ಎದ್ದು ಕೂತರು. ಚಿಕ್ಕಪ್ಪ ಬಾಗಿಲ ಅಗುಳಿ ತೆಗೆದು ಅಂಗಳಕ್ಕೇ ಹೋದರು. ಅವರ ಹಿಂದೆ ನಾನೂ ಹೋದೆ. ಆಕಾಶದ ತುಂಬ ನಕ್ಷತ್ರ. ಒಂದು ಹನಿ ಇಲ್ಲ.

ಚಿಕ್ಕಮ್ಮ ನನ್ನ ಕೈ ಹಿಡಿದು ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿ ಟಾರ್ಚ್ ಹಾಕಿದರು. ಸಾಲು ಸಾಲು ತಟ್ಟೆಗಳು, ಅದರಲ್ಲಿ ಸಾವಿರಾರು ಬಿಳಿ ಹುಳಗಳು, ಹಿಪ್ಪುನೇರಳೆ ಸೊಪ್ಪು ಮೇಯುತ್ತಿದ್ದವು. ಮಳೆಯ ಸದ್ದು ಅದೇ. ರೇಷ್ಮೆ ಸಾಕುವವರ ಲೆಕ್ಕದಲ್ಲಿ ಹುಳ ಪೊರೆ ಬಿಡಲು ಮಲಗುವುದಕ್ಕೆ ಜ್ವರ ಎಂದು ಹೆಸರು. ನಾಲ್ಕು ಜ್ವರ ಎದ್ದ ಮೇಲೆ ಗೂಡು ಕಟ್ಟುವವರೆಗೆ ಸುಮಾರು ಒಂದು ವಾರ ಅವಕ್ಕೆ ಹಗಲು ರಾತ್ರಿ ಹಸಿವು. "ನಾಲ್ಕನೇ ಜ್ವರ ಎದ್ದು ಎರಡು ದಿನ ಆಯ್ತು. ಮದ್ವೆ ಐತೆ ಅಂದ್ರೆ ಇವು ಕೇಳ್ತಾವಾ?" ಎಂದು ಚಿಕ್ಕಮ್ಮ ಇನ್ನೊಂದು ತೆಕ್ಕೆ ಸೊಪ್ಪು ಹರಡಿದರು.

ಬೆಳಿಗ್ಗೆ ಕಾಫಿ ಹೊತ್ತಿಗೆ ಊರಿಗೆಲ್ಲ ಸುದ್ದಿ ಆಗಿತ್ತು: ಮಲೆನಾಡಿನ ಹುಡುಗಿ ಹುಳದ ಮನೆಯಲ್ಲಿ ಮಳೆ ಬರಿಸಿದಳು.

ಶುಕ್ರವಾರ

ಚಪ್ಪರದ ದಿನ. ಬೆಳಿಗ್ಗೆ ಐದಕ್ಕೇ ಗಂಡಸರು ಹೊಂಗೆ ಸೊಪ್ಪು, ಮಾವಿನ ಸೊಪ್ಪು, ತೆಂಗಿನ ಗರಿ ಹೊತ್ತು ತಂದರು. ಅತ್ತಿ ಕೊಂಬೆಯ ಹಾಲುಗಂಬಕ್ಕೆ ಅರಿಶಿನ ಕುಂಕುಮ ಹಚ್ಚಿ, ಕಂಕಣ ಕಟ್ಟಿ ನೆಟ್ಟರು. ಎಂಟಕ್ಕೆ ಅಂಗಳ ಹಸಿರಾಗಿತ್ತು. ಶಾಮಿಯಾನದವರು ತಂದ ಬಣ್ಣದ ಬಟ್ಟೆಯನ್ನು ಅವ್ವ ಹಸಿರು ಚಪ್ಪರಕ್ಕೆ ತಾಗಿಸಲು ಬಿಡಲಿಲ್ಲ, ಅದೇನಿದ್ದರೂ ಬೀದಿಗೆ. ಹೊಂಗೆಯ ನೆರಳು ಎಷ್ಟು ತಂಪು ಎಂದು ತಿಳಿಯಬೇಕಾದರೆ ಕೋಲಾರದ ಮೇ ತಿಂಗಳ ಮಧ್ಯಾಹ್ನ ಅದರ ಕೆಳಗೆ ಕೂರಬೇಕು. ಎರಡು ಹೆಜ್ಜೆ ಆಚೆ ಬಂಡೆ ಕಾಯುವ ಬಿಸಿಲು. ನಾನು ಒದ್ದೆ ಟವೆಲ್ ತಲೆ ಮೇಲೆ ಹಾಕಿಕೊಂಡೇ ಓಡಾಡಿದೆ, ಮಕ್ಕಳು ನಗಾಡಿದರೂ ಬಿಡಲಿಲ್ಲ.

ಮಧ್ಯಾಹ್ನ ಬಳೆಗಾರರು ಬಂದರು. ಗಿಣಿಯ ಕೈ ಗಟ್ಟಿ, ಹೈಸ್ಕೂಲಲ್ಲಿ ವಿಜ್ಞಾನ ಪಾಠ ಮಾಡುತ್ತಾಳೆ, ವಾರಾಂತ್ಯಕ್ಕೆ ತೋಟದ ಕೆಲಸ. ಮುದುಕ ಬಳೆಗಾರ ಅವಳ ಬೆರಳುಗಳನ್ನು ಒಂದರ ಮೇಲೊಂದು ಒತ್ತಿ, ಅಂಗೈಯನ್ನು ಹೂವಿನ ಮೊಗ್ಗಿನ ಹಾಗೆ ಮಡಿಸಿ, ಮಾತಾಡುತ್ತ ಮಾತಾಡುತ್ತಲೇ ಹಸಿರು ಗಾಜಿನ ಬಳೆ ಏರಿಸಿಬಿಟ್ಟರು. ಒಂದೂ ಒಡೆಯಲಿಲ್ಲ. ನನಗೆ ತೊಡಿಸುವಾಗ ಮೂರು ಒಡೆದವು. "ಬಿಗಿ ಹಿಡೀಬೇಡಮ್ಮ. ಕೈ ನಂದು ಅಂದ್ಕೋ" ಎಂದರು.

ಗಿಣಿಯ ಅಪ್ಪ ಮಾತು ಕಡಿಮೆ. ಊಟದ ಹೊತ್ತಿಗೆ ಪಕ್ಕ ಬಂದು ಕೂತು, ಭರಣಿ ಒಡೆದ ಕತೆ ಕೇಳಿ ಮೀಸೆಯಲ್ಲೇ ನಕ್ಕರು. "ನಮ್ಗೂ ಈ ಸಲ ಭರಣಿ ಕೈಕೊಡ್ತು, ನಿನ್ಗೂ ಭರಣಿ ಕೈಕೊಡ್ತು." ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಏಪ್ರಿಲ್ ಕೊನೆಯಿಂದ ಎರಡು ವಾರ ಭರಣಿ ಮಳೆಯ ಕಾಲ. 'ಭರಣಿ ಬಂದರೆ ಧರಣಿ ಬೆಳೆದೀತು' ಎನ್ನುವ ಗಾದೆ ಅವರಿಗೂ ಗೊತ್ತು, ನಮಗೂ ಗೊತ್ತು. ಆ ಮಳೆ ಈ ವರ್ಷ ಶ್ರೀನಿವಾಸಪುರದತ್ತ ತಿರುಗಿ ನೋಡಿರಲಿಲ್ಲ. ಮನೆ ಹಿಂದೆ ಕೊರೆಸಿದ ಎರಡು ಬೋರುಗಳನ್ನು ತೋರಿಸಿದರು, ಸಾವಿರದ ಇನ್ನೂರು ಅಡಿ ಒಂದು, ಸಾವಿರದ ಐನೂರು ಇನ್ನೊಂದು. ಎರಡರ ಬಾಯಿಗೂ ಕಲ್ಲು ಮುಚ್ಚಿತ್ತು. ತೋಟಕ್ಕೆ ಮೂರನೆಯದೇ ದಿಕ್ಕು.

ಮಾವಿನ ತೋಟ ಇರುವವರು ಹೂವು ಬಿಟ್ಟಾಗಲೋ ಪಿಂದೆ ಕಚ್ಚಿದಾಗಲೋ ವ್ಯಾಪಾರಿಗಳಿಗೆ ಗುತ್ತಿಗೆ ಕೊಟ್ಟುಬಿಡುವುದು ವಾಡಿಕೆ. ಆಮೇಲೆ ಗಾಳಿಯೋ ಹುಳುವೋ, ನಷ್ಟ ಅವರದ್ದು. ಈ ಸಲ ಗಿಣಿಯ ಅಪ್ಪ ಕೊಟ್ಟಿರಲಿಲ್ಲ. ಫಸಲು ಚೆನ್ನಾಗಿತ್ತು, ಮದುವೆ ಖರ್ಚು ಕಣ್ಣ ಮುಂದಿತ್ತು, ತಾನೇ ಕೀಳಿಸಿ ಮಂಡಿಗೆ ಹಾಕಿದರೆ ನಾಲ್ಕು ಕಾಸು ಹೆಚ್ಚು ಎಂಬ ಲೆಕ್ಕ. ಮದುವೆ ಮುಗಿದ ಮರುದಿನ ಕೊಯ್ಲು ಎಂದು ಆಳುಗಳಿಗೂ ಹೇಳಿಟ್ಟಿದ್ದರು.

ಸಂಜೆ ಐದಕ್ಕೆ ಗಾಳಿ ನಿಂತಿತು. ಹೆಂಗಸರು ಚಪ್ಪರದಲ್ಲಿ ಕೂತು ಗಿಣಿಗೆ ಅರಿಶಿನ ಹಚ್ಚುತ್ತ ಹಾಡುತ್ತಿದ್ದರು, ಒಂದು ಕನ್ನಡದ ಸೋಬಾನೆ, ಅದರ ಬಾಲಕ್ಕೆ ಒಂದು ತೆಲುಗಿನ ಪದ. ಮೂಡಣ ಕಪ್ಪಾಯಿತು. ಮೊದಲು ಬಂದದ್ದು ಕೆಂಪು ಧೂಳು, ಆಮೇಲೆ ಗಾಳಿ, ಆಮೇಲೆ ತಗಡಿನ ಮೇಲೆ ಯಾರೋ ಜಲ್ಲಿ ಸುರಿದ ಹಾಗೆ ಆಲಿಕಲ್ಲು. ಬೀದಿಯ ಶಾಮಿಯಾನ ಎದ್ದು ಪಕ್ಕದ ಮನೆಯ ಸೂರಿಗೆ ಸುತ್ತಿಕೊಂಡಿತು. ಪ್ಲಾಸ್ಟಿಕ್ ಕುರ್ಚಿಗಳು ಒಂದನ್ನೊಂದು ಅಟ್ಟಿಸಿಕೊಂಡು ಹೋದವು. ಕರೆಂಟು ಹೋಯಿತು. ಹಸಿರು ಚಪ್ಪರ ಮಾತ್ರ ಒಂದು ಕಡೆ ವಾಲಿ ನಿಂತಿತ್ತು.

ಎಲ್ಲರೂ ಒಳಗೆ ಓಡಿದೆವು. ಗಿಣಿ ಓಡಲಿಲ್ಲ. ಅರಿಶಿನದ ಮೈಯಲ್ಲೇ ಅಂಗಳದಲ್ಲಿ ನಿಂತು ಮುಖ ಮೇಲೆತ್ತಿದಳು. ಕಾಲಿನಿಂದ ಹಳದಿ ನೀರು ಹರಿದು ಕೆಂಪು ಮಣ್ಣಿಗೆ ಸೇರುತ್ತಿತ್ತು. "ಮದುಮಗಳಿಗೆ ಜ್ವರ ಬಂದ್ರೆ ಏನೇ ಗತಿ" ಎಂದು ಅವಳ ಅಮ್ಮ ಕೂಗಿದರೆ, "ನಾಲ್ಕು ಜ್ವರ ಆದ್ಮೇಲೇ ಅಮ್ಮ ಗೂಡು ಕಟ್ಟೋದು" ಎಂದು ಅಲ್ಲಿಂದಲೇ ಉತ್ತರ. ಮಕ್ಕಳು ಚೊಂಬುಗಳಲ್ಲಿ ಆಲಿಕಲ್ಲು ತುಂಬಿ ಪಾನಕಕ್ಕೆ ಸುರಿದರು. ಅವ್ವ ಜಗಲಿಯ ಅಂಚಿಗೆ ಸರಿದು ಅಂಗೈ ಚಾಚಿ ಒಂದು ಆಲಿಕಲ್ಲು ಹಿಡಿದು, ಕರಗುವವರೆಗೆ ನೋಡುತ್ತ ಕೂತರು.

ಗಿಣಿಯ ಅಪ್ಪ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದರು. ತೋಟದ ಕಡೆಯಿಂದ ಧಡ್, ಧಡ್ ಎಂದು ಕೇಳುತ್ತಿತ್ತು. ಕಾಯಿ ಬೀಳುವ ಸದ್ದು. ಅದನ್ನು ಎಣಿಸುತ್ತಿದ್ದರೋ ಏನೋ. ನಡುವೆ ಒಮ್ಮೆ ನನ್ನ ಕಡೆ ತಿರುಗಿ, "ಕೃತ್ತಿಕೆ ಪರ್ವಾಗಿಲ್ಲ, ಚೆನ್ನಾಗ್ ಹೊಡೀತಾ ಐತೆ" ಎಂದರು. ಅದನ್ನು ಹೇಳುವಾಗ ಅವರ ಮುಖ ಹೇಗಿತ್ತು ಎಂದು ಈಗಲೂ ನನಗೆ ಸರಿಯಾಗಿ ಹೇಳಲು ಬರುವುದಿಲ್ಲ. ಹೊರಗೆ ಒಂದೊಂದು ಸಲ ಮಿಂಚಿದಾಗಲೂ ಬೇರೆಯೇ ಕಾಣುತ್ತಿತ್ತು.

ಶನಿವಾರ

ಬೆಳಕು ಹರಿಯುವ ಮೊದಲೇ ಮದುವೆ ಮನೆಯ ಅರ್ಧ ಜನ ತೋಟದಲ್ಲಿದ್ದೆವು. ಮರದ ಬುಡದಲ್ಲೆಲ್ಲ ಹಸಿರು ಹಾಸಿಗೆ. ಬಿದ್ದ ಕಾಯಿ ಹೊರಗೆ ನುಣ್ಣಗೆ ಕಂಡರೂ ಒಳಗೆ ಜಜ್ಜಿರುತ್ತದೆ, ಎರಡು ದಿನದಲ್ಲಿ ಕಪ್ಪಾಗುತ್ತದೆ. ಹಾಗಾಗಿ ಇವತ್ತೇ ಹೆಕ್ಕಬೇಕು, ಇವತ್ತೇ ಮಾರಬೇಕು. ಗಿಣಿಮೂತಿಗೆ ಹೇಗೋ ಗತಿ ಇದೆ, ಚಿತ್ತೂರಿನ ಕಡೆಯ ತಿರುಳಿನ ಕಾರ್ಖಾನೆಗಳಿಗೆ ಹೋಗುತ್ತದೆ. ಬಲಿಯುವ ಮೊದಲೇ ಬಿದ್ದ ಬಾದಾಮಿಯನ್ನು ಕೇಳುವವರಿಲ್ಲ.

ಇಲ್ಲಿ ನಾನೊಂದು ಪೆದ್ದು ಕೆಲಸ ಮಾಡಿದೆ. ಸಾಗರದವಳು, ಮಾವು ನನಗೆ ಯಾರು ಕಲಿಸಬೇಕು ಎಂಬ ಧಿಮಾಕಿನಲ್ಲಿ, ಒಂದು ಕಾಯಿ ಎತ್ತಿ ತೊಟ್ಟನ್ನು ಹಲ್ಲಿನಲ್ಲಿ ಕಚ್ಚಿ ಉಗಿದು ತಿನ್ನತೊಡಗಿದೆ. ಸೊನೆ! ಹತ್ತು ನಿಮಿಷದಲ್ಲಿ ತುಟಿ ಉರಿ, ಗಂಟೆಯೊಳಗೆ ಊದಿತು. ಇಲ್ಲಿನವರು ಕಾಯಿಯನ್ನು ತೊಟ್ಟಿನ ಸಮೇತ ಕಿತ್ತು, ಆಮೇಲೆ ತೊಟ್ಟು ಮುರಿದು, ತಲೆಕೆಳಗಾಗಿ ಇಟ್ಟು ಸೊನೆ ಇಳಿಸುತ್ತಾರೆ. ತಿನ್ನುವ ಮೊದಲು ಚೆನ್ನಾಗಿ ತೊಳೆಯುತ್ತಾರೆ. ಮೂರು ವರ್ಷದ ಮಗುವಿಗೂ ಗೊತ್ತಿರುವ ವಿಷಯ. ಅವ್ವ ಕೊಬ್ಬರಿ ಎಣ್ಣೆ ಹಚ್ಚಿ, "ಏಮೀ ಕಾದು, ಮುದ್ದಾಗಿದೀಯ" ಎಂದರು. ಮದುವೆಯ ಎಲ್ಲ ಫೋಟೋಗಳಲ್ಲೂ ನನ್ನದು ಗಿಣಿಮೂತಿಯೇ.

ಅಡುಗೆಯವರು ತಿಂಡಿಗೆ ಉಪ್ಪಿಟ್ಟು ಎಂದು ರವೆ ಅಳೆದಿಟ್ಟಿದ್ದರು. ಗಿಣಿಯ ಅಮ್ಮ ಎರಡು ಮಂಕರಿ ಬಾದಾಮಿ ಕಾಯಿ ಅವರ ಮುಂದೆ ಸುರಿದು, "ಉಪ್ಪಿಟ್ಟು ಬೇಡ" ಎಂದರು. ಅಷ್ಟೇ. ಹನ್ನೆರಡು ಹೆಂಗಸರು ಜಗಲಿಯ ಉದ್ದಕ್ಕೆ ಕೂತೆವು, ಕೆಲವರು ಸಿಪ್ಪೆ ತೆಗೆಯಲು, ಕೆಲವರು ತುರಿಯಲು. ಕಡಲೆಬೀಜ ಹುರಿದ ವಾಸನೆ, ಇಂಗಿನ ಒಗ್ಗರಣೆ, ಕೊಪ್ಪರಿಗೆಯ ತುಂಬ ಮಾವಿನಕಾಯಿ ಚಿತ್ರಾನ್ನ. ಹಿಂದಿನ ರಾತ್ರಿ ಶಾಮಿಯಾನ ಬಿಡಿಸಲು ಬಂದಿದ್ದ ಊರವರೆಲ್ಲ ಅಲ್ಲೇ ತಿಂದರು. ತುಟಿ ಉರಿಯುತ್ತಿದ್ದರೂ ನಾನು ಎರಡು ಸಲ ಹಾಕಿಸಿಕೊಂಡೆ. ನಮ್ಮ ಕಡೆ ಚಿತ್ರಾನ್ನಕ್ಕೆ ತೆಂಗಿನಕಾಯಿ ಹೆಚ್ಚು, ಇಲ್ಲಿ ಕಡಲೆಬೀಜ ಹೆಚ್ಚು. ಇವರದ್ದೇ ಸರಿ ಎಂದು ಅಮ್ಮನ ಎದುರು ಹೇಳಲಾರೆ.

ಹನ್ನೊಂದಕ್ಕೆ ಟ್ರ್ಯಾಕ್ಟರ್ ಮಂಡಿಗೆ ಹೊರಟಿತು. "ಬರ್ತೀಯೇನಮ್ಮ?" ಎಂದರು ಗಿಣಿಯ ಅಪ್ಪ. ಕಾಯಿ ರಾಶಿಯ ಪಕ್ಕ ಟ್ರೇಲರ್‌ನಲ್ಲಿ ನಿಂತು ಹೋದೆ. ಶ್ರೀನಿವಾಸಪುರದ ಮಾವಿನ ಮಂಡಿ ಈ ತಿಂಗಳುಗಳಲ್ಲಿ ಒಂದು ಜಾತ್ರೆ: ಸಾಲು ಸಾಲು ಲಾರಿ, ಹುಲ್ಲು ಹಾಸಿದ ನೆಲ, ಬೆಟ್ಟದಷ್ಟು ಕಾಯಿ, ತೆಲುಗಿನಲ್ಲಿ ಕೂಗುವ ರೇಟು. ಅವತ್ತು ಎಲ್ಲರದ್ದೂ ಬಿದ್ದ ಕಾಯಿಯೇ. ಒಂದೇ ಗಾಳಿ, ಎಲ್ಲರ ತೋಟ. ವ್ಯಾಪಾರಿ ಒಂದು ಕಾಯಿಯನ್ನು ಎತ್ತಿ ಹೆಬ್ಬೆರಳಲ್ಲಿ ಅದುಮಿ ಕೆಳಗೆ ಹಾಕಿದ, ರೇಟು ಹೇಳಿದ. ಗಿಣಿಯ ಅಪ್ಪ ಚೌಕಾಸಿ ಮಾಡಲಿಲ್ಲ. ಬಂದ ದುಡ್ಡನ್ನು ಎಣಿಸಿ ಎರಡು ಭಾಗ ಮಾಡಿ, ಚಿಕ್ಕ ಭಾಗವನ್ನು ವಾಲಗದವರಿಗೆ ಎಂದು ಜೇಬಿಗೆ ಹಾಕಿಕೊಂಡು, ದೊಡ್ಡ ಭಾಗವನ್ನು ತಮ್ಮನ ಕೈಗೆ ಕೊಟ್ಟು ಶಾಮಿಯಾನದವನ ಬಟ್ಟೆ ಹರಿದದ್ದಕ್ಕೆ ಎಂದರು. ವಾಪಸ್ ಬರುವಾಗ ದಾರಿಯಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿ, ಒಂದು ಹೊಲದ ಬದಿಗೆ ಇಳಿದು ಮಣ್ಣಿಗೆ ಬೆರಳು ಹಾಕಿದರು. ಎರಡು ಗೆಣ್ಣು ಇಳಿಯಿತು. ನನಗೆ ಬೆರಳು ತೋರಿಸಿದರು, ಕೆಂಪು ಮಣ್ಣು ಮೆತ್ತಿದ್ದನ್ನು. "ನೆಲಗಡಲೆಗೆ ಉಳಬಹುದು."

ಸಂಜೆ ಪಟ್ಟಣದ ಛತ್ರದಲ್ಲಿ ಆರತಕ್ಷತೆ. ಅದು ಎಲ್ಲ ಕಡೆಯಂತೆ: ಕ್ಯೂ, ಫೋಟೋ, ಕಿವಿ ತೂತಾಗುವ ಆರ್ಕೆಸ್ಟ್ರಾ, ಗೋಬಿ ಮಂಚೂರಿ. ಹುಡುಗ ಮುಳಬಾಗಿಲು ಕಡೆಯವನು, ನರಸಾಪುರದ ಕಾರ್ಖಾನೆಯಲ್ಲಿ ಕೆಲಸ. ನನ್ನ ತುಟಿ ನೋಡಿ ಗಂಭೀರವಾಗಿ, "ನೀವೇನಾ ಮಳೆ ಬರಿಸಿದ್ದು?" ಎಂದ. ಅಲ್ಲಿಗೆ ನನಗೆ ಅವನು ಒಪ್ಪಿಗೆಯಾದ.

ಭಾನುವಾರ

ಮುಹೂರ್ತ ಬೆಳಿಗ್ಗೆ ಆರೂಕಾಲರಿಂದ ಏಳೂಕಾಲು, ವೃಷಭ ಲಗ್ನ. ಬೇಸಿಗೆಯಲ್ಲಿ ಈ ಹೊತ್ತಿನ ಮುಹೂರ್ತ ಇಟ್ಟ ಪುರೋಹಿತರಿಗೆ ನಮಸ್ಕಾರ. ಮಳೆ ಬಿದ್ದ ಮೂರನೇ ದಿನದ ಗಾಳಿ, ಹೊರಗೆ ಮಲ್ಲಿಗೆಯ ಬುಟ್ಟಿ, ಒಳಗೆ ನಾಗಸ್ವರ. ಸೀರೆಯ ಕಲೆ ಚಿಕ್ಕಮ್ಮ ಹೇಳಿದಂತೆ ನೆರಿಗೆಯೊಳಗೆ ಹೋಯಿತು, ಆದರೆ ನಾನು ನಡೆದಾಗಲೆಲ್ಲ ಸಾಸಿವೆ ವಾಸನೆ ಸಣ್ಣಗೆ ಬರುತ್ತಿತ್ತು. ಚಿಕ್ಕಮ್ಮ ಧಾರೆಗೆ ಹತ್ತು ನಿಮಿಷ ಇದೆ ಎನ್ನುವಾಗ ಬೈಕಿನಲ್ಲಿ ಬಂದು ಇಳಿದರು, ತಲೆಯಲ್ಲಿ ಮಲ್ಲಿಗೆಯ ಜೊತೆ ಒಂದು ಹಿಪ್ಪುನೇರಳೆ ಎಲೆ. ಹುಳಕ್ಕೆ ಸೊಪ್ಪು ಹಾಕಿಯೇ ಬಂದಿದ್ದರು.

ಅಂತರಪಟ ಹಿಡಿದರು. ಆಚೆ ಹುಡುಗ, ಈಚೆ ಗಿಣಿ, ಇಬ್ಬರ ಕೈಯಲ್ಲೂ ವೀಳ್ಯದೆಲೆಯಲ್ಲಿ ಜೀರಿಗೆ ಬೆಲ್ಲ. ಬಟ್ಟೆ ಸರಿಯುತ್ತಿದ್ದಂತೆ ಒಬ್ಬರ ತಲೆಯ ಮೇಲೆ ಇನ್ನೊಬ್ಬರು ಇಡಬೇಕು. ಮೊದಲು ಇಟ್ಟವರದ್ದೇ ಮನೆಯಲ್ಲಿ ನಡೆಯುವುದು ಎಂದು ಎರಡೂ ಕಡೆಯವರು ಹುರಿದುಂಬಿಸುತ್ತಿದ್ದರು. ಹುಡುಗ ಎತ್ತರ, ಗಿಣಿ ಗಿಡ್ಡ. ಪುರೋಹಿತರ ಮಂತ್ರ ಮುಗಿಯುವ ಮೊದಲೇ ಗಿಣಿ ಹಾರಿದಳು. ನಿಜವಾಗಿ ಹಾರಿದಳು, ಎರಡೂ ಕಾಲು ನೆಲ ಬಿಟ್ಟಿದ್ದವು. ಜೀರಿಗೆ ಬೆಲ್ಲ ಹುಡುಗನ ಪೇಟಕ್ಕೆ ತಾಗಿ, ಬಾಸಿಂಗ ಜಾರಿ, ಅರ್ಧ ಪುರೋಹಿತರ ಹೆಗಲಿಗೆ ಬಿತ್ತು. "ಗಟ್ಟಿಮೇಳ, ಗಟ್ಟಿಮೇಳ" ಎಂದು ಅವರು ನಗು ತಡೆಯುತ್ತ ಕೂಗಿದರು. ಅಕ್ಷತೆ ಮಳೆಯಲ್ಲಿ ಯಾರ ಮುಖವೂ ಕಾಣಲಿಲ್ಲ. ನನ್ನ ಕಣ್ಣೂ ಸ್ವಲ್ಪ ಮಂಜಾಗಿತ್ತು ಅನ್ನಿ.

ಆಮೇಲೆ ಮುಯ್ಯಿ. ಮೇಜು ಹಾಕಿ ಕೂತ ಮೇಷ್ಟ್ರು ಒಬ್ಬರು ಹೆಸರು, ಊರು, ಮೊತ್ತ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಇದನ್ನು ಬರಿ ಉಡುಗೊರೆ ಎಂದುಕೊಂಡರೆ ತಪ್ಪು. ಅವರ ಮನೆಯ ಮದುವೆಗೆ ಇವರು ಇದೇ ಪುಸ್ತಕ ನೋಡಿ ಒಂದಿಷ್ಟು ಸೇರಿಸಿ ವಾಪಸ್ ಹಾಕುತ್ತಾರೆ. ನನ್ನ ಸಾಲಿನಲ್ಲಿ 'ಸಾಗರ, ಒಂದು ಭರಣಿ ಉಪ್ಪಿನಕಾಯಿ (ಒಡೆದದ್ದು)' ಎಂದು ಬರೆಸಿದವಳು ಗಿಣಿಯೇ.

ಊಟದಲ್ಲಿ ಒಬ್ಬಟ್ಟು, ಒಬ್ಬಟ್ಟಿನ ಸಾರು, ಮಾವಿನಹಣ್ಣಿನ ಸೀಕರಣೆ. ಹಿಂದಿನ ವಾರ ಕಿತ್ತು ಹುಲ್ಲಲ್ಲಿ ಹಣ್ಣು ಮಾಡಿದ್ದ ರಸಪುರಿಯದು. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಹೊಟ್ಟೆ ಉರಿಸಿಕೊಳ್ಳುವವರು ಇದ್ದಾರೆ.

ಸೋಮವಾರ

ಮುಳಬಾಗಿಲು ಕಡೆ ಹುಡುಗನ ಊರಲ್ಲಿ ಬೀಗರೂಟ. ಕುರಿ ಊಟ, ನಾನು ತಿನ್ನುವುದಿಲ್ಲ ಎಂದು ಗೊತ್ತಿದ್ದ ಹುಡುಗ ಬೆಳಿಗ್ಗೆಯೇ ಒಂದು ಕಾರು, ಒಬ್ಬ ತಮ್ಮನನ್ನು ಕೊಟ್ಟು, "ಊಟದ ಹೊತ್ತಿಗೆ ಇವರ ಹೊಟ್ಟೆಯಲ್ಲಿ ಜಾಗ ಇರಬಾರದು" ಎಂದು ಕಳಿಸಿದ.

ಮೊದಲು ಕುರುಡುಮಲೆ, ಮುಳಬಾಗಿಲಿನಿಂದ ಸುಮಾರು ಹತ್ತು ಕಿಲೋಮೀಟರ್. ಬಸ್ಸುಗಳನ್ನು ನಂಬಿಕೊಂಡು ಹೋಗುವ ಜಾಗವಲ್ಲ, ಆಟೋ ಮಾತಾಡಿಕೊಂಡು ಹೋಗಿ ಅದರಲ್ಲೇ ಬಂದರೆ ಒಳ್ಳೆಯದು. ದೇವರುಗಳು ಕೂಡಿದ 'ಕೂಡುಮಲೆ'ಯೇ ಕುರುಡುಮಲೆ ಆಯಿತು ಎನ್ನುತ್ತಾರೆ. ಗಣಪತಿ ಹದಿಮೂರೂವರೆ ಅಡಿ, ಒಂದೇ ಕಲ್ಲು. ಗರ್ಭಗುಡಿಯ ಬಾಗಿಲಲ್ಲಿ ನಿಂತರೆ ಮೊದಲು ಕಾಣುವುದು ಹೊಟ್ಟೆ, ಮುಖ ನೋಡಲು ಕತ್ತೆತ್ತಬೇಕು. ಚುನಾವಣೆ ಪ್ರಚಾರ ಶುರು ಮಾಡುವ ರಾಜಕಾರಣಿಗಳು ಮೊದಲು ಇಲ್ಲಿ ಬಂದು ಕಾಯಿ ಒಡೆಯುವುದು ಪದ್ಧತಿ. ಒಬ್ಬ ಗೆದ್ದರೆ ನಾಲ್ವರು ಸೋಲುತ್ತಾರಲ್ಲ, ಆ ನಾಲ್ವರ ಲೆಕ್ಕ ಗಣಪತಿಗೇ ಗೊತ್ತು. ಹತ್ತಿರದ ಸೋಮೇಶ್ವರ ಗುಡಿಯಲ್ಲಿ ಒಂದು ಭಾಗ ಜಕಣಾಚಾರಿ, ಇನ್ನೊಂದು ಭಾಗ ಮಗ ಡಂಕಣ ಕೆತ್ತಿದ್ದು ಎಂಬ ಕತೆ ಹೇಳುತ್ತಾರೆ. ತಮ್ಮ ಮಾತ್ರ ಗಡಿಯಾರ ನೋಡುತ್ತಿದ್ದ: "ಅಕ್ಕ, ದೋಸೆ ಖಾಲಿಯಾಗುತ್ತೆ."

ಮುಳಬಾಗಿಲು ಎಂದರೆ ಮೂಡಲ ಬಾಗಿಲು, ಮೈಸೂರು ಸೀಮೆಗೆ ಪೂರ್ವದ ಹೆಬ್ಬಾಗಿಲು. ಡಿ.ವಿ. ಗುಂಡಪ್ಪನವರು ಹುಟ್ಟಿದ ಊರು. ನನ್ನ ಗಮನ ಅವತ್ತು ದೋಸೆಯ ಮೇಲಿತ್ತು. ಅಗಲ ಇಲ್ಲ, ಅಂಗೈಗಿಂತ ಒಂದಿಷ್ಟು ದೊಡ್ಡದು. ದಪ್ಪ. ಕಾವಲಿಯಲ್ಲಿ ಬೇಯುತ್ತಿದ್ದಂತೆ ಸುತ್ತ ಧಾರಾಳ ಬೆಣ್ಣೆ. ಹೊರಗೆ ಕೆಂಪಗೆ ಗರಿಗರಿ, ಮುರಿದರೆ ಒಳಗೆ ಹತ್ತಿ. ಊದಿದ ತುಟಿಗೆ ಚಟ್ನಿ ತಾಗಿದಾಗ ಪ್ರಾಣ ಹೋಯಿತು. ಬರಿ ಬೆಣ್ಣೆಯಲ್ಲೇ ನಾಲ್ಕು ತಿಂದೆ. ಬೆಳಿಗ್ಗೆ ಹತ್ತರೊಳಗೆ ಹೋದರೆ ಕಾವಲಿಯ ಮುಂದೆಯೇ ನಿಂತು ತಿನ್ನಬಹುದು.

ಹೊರಡುವ ಮುಂಚೆ ಅವ್ವ ನನ್ನ ಕೈಗೆ ಒಂದು ಭರಣಿ ಕೊಟ್ಟರು. ನನ್ನದಲ್ಲ, ಅವರದ್ದು, ಹಳೆಯದು, ಕಂದು ಮುಚ್ಚಳ, ನಮ್ಮದರ ಎರಡರಷ್ಟು. ಬಾಯಿಗೆ ಮೂರು ಪದರ ಬಟ್ಟೆ, ಸುತ್ತ ಗೋಣಿಚೀಲ. ಒಳಗೆ ಬಿದ್ದ ಗಿಣಿಮೂತಿಯ ಆವಕಾಯಿ. "ಖಾಲಿ ಕೈಲಿ ಕಳ್ಸಕ್ಕಾಗಲ್ಲ. ಆದ್ರೆ ಭರಣಿ ನಂಗೆ ವಾಪಸ್ ಬೇಕು, ನಮ್ಮತ್ತೆದು" ಎಂದರು. ರಾತ್ರಿ ರೈಲಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ಸಾಗರದವರೆಗೆ ಬಂದೆ.

ಅಮ್ಮ ಸೀರೆ ನೋಡಿ ಐದು ನಿಮಿಷ ಮಾತಾಡಲಿಲ್ಲ. ಆಮೇಲೆ ಭರಣಿ ಬಿಚ್ಚಿ ಬೆರಳ ತುದಿಗೆ ಒಂದು ಚೂರು ತೆಗೆದುಕೊಂಡು, "ಎಂತ ಎಣ್ಣೆ ಸುರಿದಿದಾರೆ ಮಾರಾಯ್ತಿ, ಇದು ಉಪ್ಪಿನಕಾಯಿಯೋ, ದೀಪದ ಬತ್ತಿಯೋ" ಎಂದು ಮೇಲಿನ ನಾಗಂದಿಗೆಗೆ ಇಟ್ಟರು. ಇವತ್ತಿಗೆ ಹದಿನೆಂಟು ದಿನ. ಹೊರಗೆ ಮಳೆ ಹಿಡಿದಿದೆ, ಬಟ್ಟೆ ಒಣಗುತ್ತಿಲ್ಲ. ಬೆಳಿಗ್ಗೆ ಗಂಜಿಗೆ ಏನಾದರೂ ಸಿಗುತ್ತದೆಯೇ ಎಂದು ಭರಣಿ ಇಳಿಸಿದೆ. ಅರ್ಧಕ್ಕೆ ಬಂದಿತ್ತು.

"ನಾ ಎಂತ ತಿಂದಿಲ್ಲ" ಎಂದರು ಅಮ್ಮ, ನಾನು ಕೇಳುವ ಮೊದಲೇ. "ಮಿಡಿ ಸಿಗುವುದು ಇನ್ನು ಫೆಬ್ರವರಿಗೆ. ಆ ದೊಡ್ಡ ಭರಣಿ ತುಂಬುವುದಕ್ಕೆ ಎಷ್ಟು ಮಿಡಿ ಬೇಕಾಗ್ತದೆ ಅಂತ ನೋಡ್ತಾ ಇದ್ದೆ."